ಎಂಜಿನ್ ಹೀರುವ ಗಾಳಿಯ ತೂಕ

ತುರುವೇಕೆರೆಯ ಕಡೆಯಿಂದ ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ಚೀಲ ಹೇರಿಕೊಂಡು ಹೊರಡುವ ಗಾಡಿಗಳು ಡಿಸೆಂಬರ್‌ನ ಮುಂಜಾನೆ ಎಳೆದಷ್ಟು ಸಲೀಸಾಗಿ ಏಪ್ರಿಲ್‌ನ ಮಟಮಟ ಮಧ್ಯಾಹ್ನ ಎಳೆಯುವುದಿಲ್ಲ. ‘ಪಿಕಪ್ ಇಲ್ಲ’ ಎಂದು ಚಾಲಕರು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಗಾಡಿ, ರಸ್ತೆ, ಹೊರೆ, ಇಂಧನ ಎಲ್ಲವೂ ಹಿಂದಿನವೇ. ಬದಲಾಗಿರುವುದು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ ಮಾತ್ರ.

ಎಂಜಿನ್ ಎಂದೊಡನೆ ಪೆಟ್ರೋಲ್ ನೆನಪಾಗುತ್ತದಾದರೂ, ಅದರೊಳಗೆ ಹೋಗುವ ಸರಕಿನಲ್ಲಿ ಸಿಂಹಪಾಲು ಗಾಳಿಯದು. 1 ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬಂಕಿನಲ್ಲಿ ತುಂಬಿಸಿದ ಒಂದೊಂದು ಲೀಟರಿಗೂ ಹೆಚ್ಚುಕಡಿಮೆ 10,000 ಲೀಟರ್ ಗಾಳಿ ಖರ್ಚಾಗುತ್ತದೆ. ಇಷ್ಟೊಂದು ಗಾಳಿಯನ್ನು ಎಂಜಿನ್ ತೂಗಿ ತೆಗೆದುಕೊಳ್ಳುವುದಿಲ್ಲ, ಅಳೆದು ತೆಗೆದುಕೊಳ್ಳುತ್ತದೆ. 1,200 ಸಿಸಿಯ ಎಂಜಿನ್ ಎರಡು ಸುತ್ತು ತಿರುಗಿದಾಗ ಅದರ ಸಿಲಿಂಡರ್‌ಗಳು ಹೆಚ್ಚೆಂದರೆ 1.2 ಲೀಟರ್ ಗಾಳಿ ಹೀರಬಲ್ಲವು. ಅದು ಚಳಿಗಾಳಿಯೋ ಬಿಸಿಗಾಳಿಯೋ, ಗಾತ್ರ ಅಷ್ಟೇ. ಉರಿಯುವ ಕ್ರಿಯೆಗೆ ಬೇಕಾದದ್ದಾದರೋ ಗಾತ್ರವಲ್ಲ, ಆ ಗಾತ್ರದೊಳಗಿನ ಆಮ್ಲಜನಕದ ತೂಕ. ಸೇರು ತುಂಬ ಅಳೆದ ರಾಗಿಯಲ್ಲಿ ಜೊಳ್ಳು ಸೇರಿದ್ದರೆ ಹಿಟ್ಟು ಕಡಿಮೆಯಾಗುವಂತೆ, ಗಾಳಿ ವಿರಳವಾದಷ್ಟೂ ಸಿಲಿಂಡರಿನಲ್ಲಿ ಹುಟ್ಟುವ ಶಕ್ತಿ ಕುಗ್ಗುತ್ತದೆ.

ಈ ಸಾಂದ್ರತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು: ವಾಯುಒತ್ತಡ ಮತ್ತು ಉಷ್ಣತೆ. ತುರುವೇಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಒತ್ತಡ ಕರಾವಳಿಗಿಂತ ಶೇ 9ರಷ್ಟು ಕಡಿಮೆ. ನೀರು ಕೂಡ 100 ಡಿಗ್ರಿಗೆ ಮುಂಚೆಯೇ, 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಉಷ್ಣತೆಯ ಪಾಲು ಋತುವಿನೊಂದಿಗೆ, ಗಳಿಗೆಯೊಂದಿಗೆ ಬದಲಾಗುವಂಥದು. ಒತ್ತಡ ಒಂದೇ ಆಗಿದ್ದಲ್ಲಿ ಪ್ರತಿ 3 ಡಿಗ್ರಿ ಏರಿಕೆಗೆ ಗಾಳಿ ಹತ್ತಿರಹತ್ತಿರ ಶೇ 1ರಷ್ಟು ಹಗುರಾಗುತ್ತದೆ. 800 ಮೀಟರ್ ಎತ್ತರದಲ್ಲಿ 15 ಡಿಗ್ರಿಯ ಮುಂಜಾನೆ ಒಂದು ಘನ ಮೀಟರ್ ಗಾಳಿ ಸುಮಾರು 1.11 ಕಿಲೋ ತೂಗಿದರೆ, 36 ಡಿಗ್ರಿಯ ಮಧ್ಯಾಹ್ನ ಅದು 1.04ಕ್ಕೆ ಇಳಿಯುತ್ತದೆ. ಶೇ 7ರಷ್ಟು ಆಮ್ಲಜನಕ ಕಣ್ಣಿಗೆ ಕಾಣದಂತೆ ತಪ್ಪಿಹೋಯಿತು. ತೇವವೂ ಗಾಳಿಯನ್ನು ಭಾರ ಮಾಡುವುದಿಲ್ಲ, ಹಗುರ ಮಾಡುತ್ತದೆ. ನೀರಾವಿಯ ಅಣು ಸಾರಜನಕದ ಅಣುವಿಗಿಂತ ಕಡಿಮೆ ತೂಕದ್ದು. ಸೆಖೆ ಎಂದು ಮೈ ಬೆವರುವ ದಿನಗಳಲ್ಲಿ ಗಾಳಿ ದಟ್ಟವಾಗಿದೆ ಎನಿಸುವುದು ನಮ್ಮ ಚರ್ಮದ ಅನುಭವವೇ ಹೊರತು ಎಂಜಿನ್ನಿನದಲ್ಲ.

ಗಾಳಿ ಕಡಿಮೆಯಾಯಿತೆಂದು ಇಂಧನ ಹೆಚ್ಚು ಸುರಿದರೆ ಪ್ರಯೋಜನವಿಲ್ಲ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಆಗುತ್ತಿದ್ದುದು ಬಹುಮಟ್ಟಿಗೆ ಇದೇ: ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಇಳಿಯದೆ, ಮಿಶ್ರಣ ‘ರಿಚ್’ ಆಗಿ, ಪ್ಲಗ್ಗಿನ ತುದಿಗೆ ಮಸಿ ಕಟ್ಟುತ್ತಿತ್ತು. ಈಗಿನ ಕಾರುಗಳಲ್ಲಿ ಗಾಳಿ ಬರುವ ದಾರಿಯಲ್ಲೇ ಒಂದು ಸಂವೇದಕ ಕೂತಿರುತ್ತದೆ. ಅದರ ತುದಿಯಲ್ಲಿ ಕಾಳಿನಷ್ಟು ಪುಟ್ಟ ಥರ್ಮಿಸ್ಟರ್. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿಕೆಯನ್ನೂ ಒತ್ತಡದ ಅಳತೆಯನ್ನೂ ಕೂಡಿಸಿ, ಬಂದ ಗಾಳಿಯ ತೂಕವನ್ನು ಎಂಜಿನ್ನಿನ ಗಣಕ ಕ್ಷಣಕ್ಷಣವೂ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟೇ ಇಂಧನ ಚಿಮ್ಮಿಸುತ್ತದೆ. ಹೆಬ್ಬೆರಳ ಗಾತ್ರದ ಒಂದು ಬಿಡಿಭಾಗ ಮಾಡುವ ಈ ಕೆಲಸ ನಿಜಕ್ಕೂ ಸೋಜಿಗದ್ದು.

ಬಿಸಿಗಾಳಿಯ ಇನ್ನೊಂದು ತೊಂದರೆ ಇದಕ್ಕಿಂತ ಗಂಭೀರ. ಬಿಸಿಯಾಗಿಯೇ ಒಳಬಂದ ಮಿಶ್ರಣ ಸಿಲಿಂಡರಿನಲ್ಲಿ ಒತ್ತಿಸಿಕೊಂಡಾಗ ಮತ್ತಷ್ಟು ಕಾದು, ಕಿಡಿಯ ಜ್ವಾಲೆ ತಲುಪುವ ಮೊದಲೇ ಅದರ ಒಂದು ಭಾಗ ತಾನಾಗಿ ಸಿಡಿಯಬಹುದು. ಏರಿನಲ್ಲಿ ಭಾರದ ಗಾಡಿಯಿಂದ ಟಕಟಕ ಎಂದು ಕೇಳುವ ನಾಕಿಂಗ್ ಅದೇ. ಹಾಗೆಯೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ. ಅದನ್ನು ತಪ್ಪಿಸಲು ಗಣಕ ಕಿಡಿಯನ್ನು ಕೊಂಚ ತಡಮಾಡುತ್ತದೆ. ಆ ಬಾಬಿನಲ್ಲೂ ಒಂದಿಷ್ಟು ಶಕ್ತಿ ಹೋಗುತ್ತದೆ.

ಇಷ್ಟಾದರೂ ಬೇಸಿಗೆಯಲ್ಲಿ ಮೈಲೇಜ್ ಬಿದ್ದೇ ಬೀಳುತ್ತದೆಂದು ಹೇಳುವಂತಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಿಧಾನಕ್ಕೆ ಸಾಗುವ ಕಾರು ತನ್ನ ಪೂರ್ಣ ಶಕ್ತಿಯನ್ನು ಕೇಳುವುದೇ ಇಲ್ಲ. ಜೊತೆಗೆ ತೆಳುಗಾಳಿ ಕಾರಿನ ಮೈಗೆ ಒಡ್ಡುವ ತಡೆಯೂ ಕಡಿಮೆ. ಕೊರತೆ ಬಯಲಾಗುವುದು ಭಾರ ಹೊತ್ತು ಏರು ಹತ್ತುವಾಗ, ಲಾರಿಯನ್ನು ಹಿಂದಿಕ್ಕುವಾಗ.

ತೆಳುಗಾಳಿಗೆ ಪರಿಹಾರ ಬಲು ಹಿಂದೆಯೇ ಹೊಳೆದಿತ್ತು. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ, ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಇಂದಿನ ಡೀಸೆಲ್ ಗಾಡಿಗಳ ಟರ್ಬೊಚಾರ್ಜರ್ ಅದರ ಸಂತಾನ. ಆದರೆ ಒತ್ತಿದ ಗಾಳಿ ಕಾಯುತ್ತದೆ: 36 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಉಷ್ಣತೆ 100 ಡಿಗ್ರಿ ದಾಟುತ್ತದೆ, ಗಳಿಸಿದ ಸಾಂದ್ರತೆಯಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಲೆಂದೇ ರೇಡಿಯೇಟರಿನಂತೆ ಕಾಣುವ ಇಂಟರ್‌ಕೂಲರ್.

ಟರ್ಬೊ ಇಲ್ಲದ ಕಾರಿನಲ್ಲಿ ಇಷ್ಟೆಲ್ಲ ಏರ್ಪಾಡಿಲ್ಲ. ಅದಕ್ಕಿರುವುದು ಮುಂಭಾಗದ ಜಾಲರಿಯ ಹಿಂದಿನಿಂದ ಹೊರಗಿನ ಗಾಳಿಯನ್ನು ಫಿಲ್ಟರಿಗೆ ತರುವ ಒಂದು ಪ್ಲಾಸ್ಟಿಕ್ ಕೊಳವೆ. ಅದು ಬಿರುಕು ಬಿಟ್ಟರೆ, ಇಲ್ಲವೇ ಅಂದಕ್ಕೆಂದು ಅದನ್ನು ಕಿತ್ತು ತೆರೆದ ಫಿಲ್ಟರ್ ಹಾಕಿಸಿದರೆ, ಎಂಜಿನ್ ಬಾನೆಟ್ಟಿನಡಿಯ ಕಾದ ಗಾಳಿಯನ್ನೇ ಹೀರತೊಡಗುತ್ತದೆ. ಹೊರಗೆ 36 ಇದ್ದು ಒಳಗೆ 60 ಡಿಗ್ರಿ ಇದ್ದರೆ ನಷ್ಟ ಮತ್ತೆ ಶೇ 7. ಮುಂಜಾನೆಯ ಚಳಿಗೂ ಏಪ್ರಿಲ್‌ನ ಬಿಸಿಲಿಗೂ ನಡುವೆ ಇರುವಷ್ಟೇ ಅಂತರವನ್ನು ಆ ಒಂದು ಕೊಳವೆ ತಡೆದು ಹಿಡಿದಿರುತ್ತದೆ.