ಮೂರು ಗುಳಿಗಿ, ಹದಿನೆಂಟು ದಿನದ ಕೆಮ್ಮು

ಕೆಮ್ಮಿಗೂ ಒಂದು ಹಂಗಾಮು ಇದೆ. ವೈರಸ್ಸಿನಿಂದ ಬಂದ ಸಾಮಾನ್ಯ ಕೆಮ್ಮು ಸರಾಸರಿ 18 ದಿನ ಇರುತ್ತದೆ. ನಮ್ಮ ತಾಳ್ಮೆ ವಾರಕ್ಕೇ ಮುಗಿಯುತ್ತದೆ. ಹೇಗೂ ಇಳಿಯಲಿದ್ದ ಕೆಮ್ಮು ಇಳಿದರೆ ಕೀರ್ತಿಯೆಲ್ಲ ಕೊನೆಗೆ ನುಂಗಿದ ಗುಳಿಗೆಗೆ. ಕಫ ಹಸಿರಾದರೆ ಹೆದರುವವರು ಬಹಳ. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದ ಬಣ್ಣ. ಅದೊಂದನ್ನೇ ನೋಡಿ ಬ್ಯಾಕ್ಟೀರಿಯಾ ಬಂತೆನ್ನಲಾಗದು.

2021ರ ಮೇ, ಕೊರೋನಾ ಲಾಕ್‌ಡೌನ್. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಮೇಲೂ ಕದ ತೆರೆದಿರುತ್ತಿದ್ದದ್ದು ಔಷಧಿ ಅಂಗಡಿ. ‘ಅಜಿತ್ರೋ ಐನೂರು ಕೊಡ್ರಿ, ಮೂರರ ಪಟ್ಟಿ.’ ಚೀಟಿ ಇದ್ದವರಿಗೂ ಅದೇ, ಇಲ್ಲದವರಿಗೂ ಅದೇ.

ಈ ಗುಳಿಗೆ ಮಣ್ಣಿನ ಮೊಮ್ಮಗು. ಫಿಲಿಪೈನ್ಸ್‌ನ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಅಮೆರಿಕಕ್ಕೆ ಕಳಿಸಿದ ಮಣ್ಣಿನಲ್ಲಿದ್ದ ಜೀವಾಣುವಿನಿಂದ ಎರಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬಂತು. ಅದನ್ನೇ ತಿದ್ದಿ 1980ರಲ್ಲಿ ಝಾಗ್ರೆಬ್‌ನ ರಸಾಯನಶಾಸ್ತ್ರಜ್ಞರು ಅಜಿತ್ರೋಮೈಸಿನ್ ಮಾಡಿದರು. ಧಾರವಾಡದ ಕೆಂಪು ನೆಲಕ್ಕೆ, ಹುಬ್ಬಳ್ಳಿಯ ಎರೆಭೂಮಿಗೆ ಮೊದಲ ಮಳೆ ಬಿದ್ದಾಗ ಘಮ್ಮೆನ್ನುವುದೂ ಆ ಜೀವಾಣುವಿನ ಆಕ್ಟಿನೊಮೈಸೀಟ್ ಬಳಗದ್ದೇ ಕೈವಾಡ. ಎರಿತ್ರೋಮೈಸಿನ್ ನೆರೆಯ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿ ಪ್ರೋಟೀನ್ ಕಟ್ಟುವ ಕೆಲಸ ನಿಲ್ಲಿಸುತ್ತದೆ; ಅಜಿತ್ರೋ ದಾರಿಯೂ ಅದೇ. ಎರಿತ್ರೋಮೈಸಿನ್ ತಯಾರಿಸುವ ಜೀವಾಣು ತನ್ನ ರೈಬೋಸೋಮಿಗೆ ಮೊದಲೇ ಗುರಾಣಿ ತೊಡಿಸಿಕೊಂಡಿರುತ್ತದೆ. ಆ ಗುರಾಣಿಗೊಂದು ಜೀನ್ ಇದೆ. ವೈರಸ್ಸಿಗೋ ರೈಬೋಸೋಮೇ ಇಲ್ಲ, ನಮ್ಮದನ್ನೇ ದುಡಿಸಿಕೊಳ್ಳುತ್ತದೆ.

ಬ್ರಿಟನ್ನಿನ ‘ಪ್ರಿನ್ಸಿಪಲ್’ ಪ್ರಯೋಗ ಮನೆಯಲ್ಲೇ ಇದ್ದ, 50 ದಾಟಿದ ಕೊರೋನಾ ಶಂಕಿತರಿಗೆ ಅಜಿತ್ರೋ ಕೊಟ್ಟು ನೋಡಿತು. ಗುಣವಾಗುವುದು ಬೇಗವಾಗಲಿಲ್ಲವೆಂದು 2021ರ ಮಾರ್ಚ್‌ನಲ್ಲೇ ಪ್ರಕಟವಾಯಿತು. ಅಷ್ಟರಲ್ಲಾಗಲೇ, 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ ಕೋವಿಡ್ಡಿನಿಂದಾಗಿ ಸುಮಾರು 3.8 ಕೋಟಿ ಡೋಸ್ ಅಜಿತ್ರೋ ಹೆಚ್ಚುವರಿಯಾಗಿ ಖರ್ಚಾಗಿತ್ತೆಂದು ಸಂಶೋಧಕರ ಅಂದಾಜು. ಓಣಿಯ ಡಾಕ್ಟರರನ್ನು ಬೈಯಲು ನನಗೆ ಮನಸ್ಸಿಲ್ಲ. ಫೋನಿನಲ್ಲಿ ಕೆಮ್ಮು ಕೇಳಿಸಿಕೊಂಡು, ಎದೆಗೆ ಸ್ಟೆತ್ ಇಡಲಾಗದೆ, ನಾಳೆ ಹಾಸಿಗೆ ಸಿಕ್ಕೀತೋ ಇಲ್ಲವೋ ತಿಳಿಯದೆ ಏನು ಬರೆಯಬೇಕಿತ್ತು? ಬರೆಯದಿದ್ದರೂ ಅಂಗಡಿಯವ ಕೊಡುತ್ತಿದ್ದ, ಅದು ಬೇರೆ ಮಾತು.

ಮೂರು ದಿನದ ಪಟ್ಟಿ ಮುಗಿದ ಮೇಲೂ ಅಜಿತ್ರೋ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಬಹುಪಾಲು ರೂಪ ಬದಲಿಸದೆ ಪಿತ್ತದೊಂದಿಗೆ ಕರುಳಿಗೆ ಇಳಿಯುತ್ತದೆ, ಅಲ್ಲಿಂದ ಚರಂಡಿಗೆ. ಉಣಕಲ್ ಕೆರೆಯಿಂದ ಹೊರಟು ಊರ ನಡುವೆ ಹಾಯುವ ನಾಲೆಯಂಥ ಕಡೆ ಕೆಸರಿನ ಪ್ರತಿ ಚಿಟಿಕೆಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಔಷಧ ತಾಗಿದಲ್ಲಿ ಗುರಾಣಿಯ ಜೀನ್ ಇದ್ದವು ಉಳಿಯುತ್ತವೆ, ಮಗ್ಗುಲಿನವಕ್ಕೂ ದಾಟಿಸುತ್ತವೆ. ನಮ್ಮ ಗಂಟಲು, ಕರುಳುಗಳಲ್ಲೂ ನಡೆಯುವುದು ಇದೇ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಆ ಜೀನ್ ದಕ್ಕಿಸಿಕೊಂಡು ಒಮ್ಮೆ ಶ್ವಾಸಕೋಶಕ್ಕಿಳಿದರೆ, ಅಜಿತ್ರೋಗೆ ಅದರ ರೈಬೋಸೋಮಿನಲ್ಲಿ ಅಂಟಿಕೊಳ್ಳಲು ಜಾಗವೇ ಇರುವುದಿಲ್ಲ.