ನಿಮಗಿದು ಗೊತ್ತೇ? ಮುಗಿಯುವಾಗಲೇ ಗುಡುಗುವ ಹಾಡುಗಳು!

ನಿಪ್ಪಾಣಿ ಕಡೆಯ ಗುಡಿಯಲ್ಲಿ ರಾತ್ರಿ ಭಜನೆಗೆ ಕೂತಿದ್ದೀರಾ? ಮೊದಲು ತಾಳ ಮೆಲ್ಲಗೆ ಟಿಣ್ ಎನ್ನುತ್ತದೆ. ಆಮೇಲೆ ಲಯ ಏರುತ್ತದೆ, ಚಪ್ಪಾಳೆ ಸೇರುತ್ತದೆ. ಮಂಗಳಾರತಿಯ ಹೊತ್ತಿಗೆ ಗಂಟೆ, ಜಾಗಟೆ, ಶಂಖ ಎಲ್ಲ ಒಟ್ಟಿಗೆ! ಕಡಲಾಚೆಯ ರಾಕ್ ತಂಡಗಳಿಗೂ ಇದೇ ಚಟ. ಸುಮ್ಮನೆ ಮುಗಿಸುವುದು ಅವರಿಗೂ ಗೊತ್ತಿಲ್ಲ. ಕೇಳಿ!

● ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ 1975ರ ಹಾಡು. ಉದ್ದ 5 ನಿಮಿಷ 55 ಸೆಕೆಂಡು. ಪಿಯಾನೊ, ಒಪೆರಾ, ಗಿಟಾರಿನ ಅಬ್ಬರ ಎಲ್ಲ ಆಗಿ ದನಿ ಪಿಸುಮಾತಿಗೆ ಇಳಿಯುತ್ತದೆ. ಆಗ ಡ್ರಮ್ಸ್ ನುಡಿಸುವ ರೋಜರ್ ಟೇಲರ್ ನಮ್ಮ ಜಾಗಟೆಯ ದೊಡ್ಡಣ್ಣನಂಥ ಗಾಂಗ್‌ಗೆ ಒಂದೇ ಒಂದು ಏಟು ಹಾಕುತ್ತಾನೆ. ಆರತಿ ಆಯಿತು, ಏಳಿ!

● ಆ ಹಾಡು ಬರೆದ ಫ್ರೆಡಿ ಮರ್ಕ್ಯುರಿ ಶಾಲೆ ಕಲಿತದ್ದೆಲ್ಲಿ? ಲಂಡನ್ ಅನ್ನಬೇಡಿ. ನಿಪ್ಪಾಣಿಯಿಂದ ಪುಣೆ ಹೆದ್ದಾರಿ ಹಿಡಿಯಿರಿ. ಕೊಲ್ಹಾಪುರ, ಕರಾಡ, ಸಾತಾರಾ ದಾಟಿ ವಾಯಿ ಕಡೆ ತಿರುಗಿ ಘಾಟಿ ಹತ್ತಿ. ಅದೇ ಪಂಚಗಣಿ! ಜಾಂಜಿಬಾರ್‌ನಲ್ಲಿ ಹುಟ್ಟಿದ ಈ ಪಾರ್ಸಿ ಹುಡುಗನ ಹೆಸರು ಆಗ ಫಾರೋಖ್ ಬುಲ್ಸಾರಾ. ಅಲ್ಲಿಯ ಸೇಂಟ್ ಪೀಟರ್ಸ್ ಶಾಲೆಯಲ್ಲೇ ಗೆಳೆಯರ ಜೊತೆ ‘ದ ಹೆಕ್ಟಿಕ್ಸ್’ ಎಂಬ ತಂಡ ಕಟ್ಟಿದ್ದ!

● ದ ಹೂ ತಂಡದ ‘ಬಾಬಾ ಓ’ರೈಲಿ’ (1971) ಹಾಡಿನ ಹೆಸರಲ್ಲಿರುವ ಬಾಬಾ ಯಾರು? ಪುಣೆಯಲ್ಲಿ ಹುಟ್ಟಿ ಅಂದಿನ ಅಹ್ಮದ್‌ನಗರದ ಬಳಿ ನೆಲೆಸಿದ ಮೆಹೆರ್ ಬಾಬಾ! ಹಾಡು ಬರೆದ ಪೀಟ್ ಟೌನ್‌ಶೆಂಡ್ ಅವರ ಭಕ್ತ. ಈ ಹಾಡಿನ ಕೊನೆಯಲ್ಲಿ ಗಿಟಾರ್ ಹಿಂದೆ ಸರಿಯುತ್ತದೆ, ಪಿಟೀಲು ಮುಂದೆ ಬರುತ್ತದೆ. ಬರಬರುತ್ತ ಲಯ ಏರಿ ಏರಿ ಥಟ್ಟನೆ ನಿಲ್ಲುತ್ತದೆ. ಥೇಟ್ ನಮ್ಮ ಭಜನೆ!

● ಥಟ್ಟನೆ ನಿಲ್ಲಿಸುವುದರಲ್ಲಿ ನಮ್ಮ ತಬಲಾದವರೇನು ಕಡಿಮೆಯೇ? ‘ಧಾ’ದಲ್ಲಿ ಮುಗಿಯುವ ಐದು ಮಾತ್ರೆಯ ಒಂದು ಬೋಲು, ಅಂದರೆ ತಬಲಾದ ಸೊಲ್ಲು, ತಗೊಳ್ಳಿ. ತಾಳದ ಸುತ್ತಿನ ಮೊದಲಿನಿಂದ ಮೂರು ಸಲ ನುಡಿಸಿ, ನಡುವೆ ಒಂದೊಂದು ಮಾತ್ರೆ ಬಿಡಿ. 5+1+5+1+5, ಒಟ್ಟು 17. ತೀನ್‌ತಾಳದ ಒಂದು ಸುತ್ತಿನಲ್ಲಿ ಇರುವುದು 16 ಮಾತ್ರೆ. ಹಾಗಾದರೆ ಹದಿನೇಳನೆಯದು? ಮುಂದಿನ ಸುತ್ತಿನ ಮೊದಲನೆಯದು, ಅದೇ ಸಮ್! ಕೊನೆಯ ‘ಧಾ’ ಅಲ್ಲೇ ಬೀಳುತ್ತದೆ, ಸಭೆಯ ಬಾಯಲ್ಲಿ ‘ವಾಹ್’ ಬರುತ್ತದೆ. ಇದೇ ತಿಹಾಯಿ. ತಿಹಾಯಿಯನ್ನೇ ಮೂರು ಸಲ ನುಡಿಸಿದರೆ ಚಕ್ರದಾರ!

● ಭೈರವಿ ಬೆಳಗಿನ ರಾಗ. ಆದರೆ ಹಿಂದುಸ್ತಾನಿ ಕಚೇರಿ ನಡುರಾತ್ರಿ ಮುಗಿದರೂ ಮುಕ್ತಾಯಕ್ಕೆ ಅದೇ ಬೇಕು! ಕಾಗವಾಡದ ನೆರೆಯ ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರಿಗೆ ದೊಡ್ಡ ಹೆಸರು ತಂದ ಧ್ವನಿಮುದ್ರಿಕೆಗಳಲ್ಲಿ ಒಂದು ಭೈರವಿಯ ಠುಮರಿಯೇ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ಎಲ್ಲ ಮುಗಿಸಬೇಕಿತ್ತು!

● ಹಾಡಿಗಿಂತ ಬಾಲವೇ ಉದ್ದ! ಬೀಟಲ್ಸ್ ತಂಡದ ‘ಹೇ ಜ್ಯೂಡ್’ (1968) 7 ನಿಮಿಷ 11 ಸೆಕೆಂಡಿನದು. ಅದರಲ್ಲಿ ಕೊನೆಯ ನಾಲ್ಕು ನಿಮಿಷ ಒಂದೇ ಸೊಲ್ಲು, ಮತ್ತೆ ಮತ್ತೆ. ತಂಡದ ಜೊತೆಗೆ ವಾದ್ಯಗಾರರು 36 ಮಂದಿ. ಅವರನ್ನೂ ಚಪ್ಪಾಳೆ ತಟ್ಟಿ ಹಾಡಲು ಹಚ್ಚಿದರು, ಅದಕ್ಕೆ ದುಪ್ಪಟ್ಟು ಸಂಬಳ! ‘ಚಪ್ಪಾಳೆ ನನ್ನ ಕೆಲಸವಲ್ಲ’ ಎಂದು ಒಬ್ಬಾತ ಎದ್ದೇ ಹೋದನಂತೆ. ನಮ್ಮ ಭಜನೆಯಲ್ಲಿ ಪುಕ್ಕಟೆ ತಟ್ಟುತ್ತೇವಪ್ಪ!

● ‘ಹೋಟೆಲ್ ಕ್ಯಾಲಿಫೋರ್ನಿಯಾ’ ಗೊತ್ತಲ್ಲ? ಈಗಲ್ಸ್ ತಂಡದ್ದು, 1976ರ ಆಲ್ಬಮ್. ಕೊನೆಯ ಎರಡು ನಿಮಿಷ ಎರಡು ಗಿಟಾರ್‌ಗಳ ಜುಗಲ್‌ಬಂದಿ. ಅದನ್ನು ತಂಡದ ಡಾನ್ ಫೆಲ್ಡರ್ ಮೊದಲು ಮನೆಯಲ್ಲಿ ಕ್ಯಾಸೆಟ್ಟಿಗೆ ನುಡಿಸಿಟ್ಟಿದ್ದ. ಸ್ಟುಡಿಯೋದಲ್ಲಿ ‘ಹಾಗೇ ನುಡಿಸು’ ಎಂದರೆ ನೆನಪೇ ಇಲ್ಲ! ಮನೆಗೆಲಸದಾಕೆಗೆ ಫೋನ್ ಮಾಡಿದ. ಆಕೆ ಕ್ಯಾಸೆಟ್ ಹಾಕಿ ಫೋನ್ ಹಿಡಿದಳು. ಕೇಳಿ ಮತ್ತೆ ಕಲಿತ!

● ಲಿನರ್ಡ್ ಸ್ಕಿನರ್ಡ್ ತಂಡದ ‘ಫ್ರೀ ಬರ್ಡ್’ (1973) ಹಾಡಿಗೆ ಅಷ್ಟುದ್ದದ ಗಿಟಾರ್ ಬಾಲ ಬಂದದ್ದೇಕೆ? ಹಾಡಿ ಹಾಡಿ ಗಾಯಕನ ಗಂಟಲು ಸೋತಿತ್ತು. ‘ನೀವು ನುಡಿಸುತ್ತಿರಿ, ನಾನು ದಣಿವಾರಿಸಿಕೊಳ್ಳುತ್ತೇನೆ’ ಎಂದ. ದಣಿವಾರಿಸಿದ್ದೇ ಹೆಸರುವಾಸಿಯಾಯಿತು!

● ಎರಿಕ್ ಕ್ಲಾಪ್ಟನ್ ಹಾಡಿದ ‘ಲೈಲಾ’ (1970) ನಮ್ಮೆಲ್ಲರಿಗೂ ಗೊತ್ತಿರುವ ಲೈಲಾ-ಮಜ್ನೂ ಕಥೆಯ ಲೈಲಾಳೇ! ಗಿಟಾರಿನ ಅರಚಾಟ ಮುಗಿದ ಮೇಲೆ ಒಂದು ಮೆತ್ತನೆಯ ಪಿಯಾನೊ ಶುರು. ಅದನ್ನು ಕೆಲವು ವಾರಗಳ ನಂತರ ಬೇರೆಯಾಗಿ ನುಡಿಸಿ ಟೇಪಿಗೆ ಟೇಪು ಜೋಡಿಸಿದ್ದು. ಕಟ್ಟಕಡೆಗೆ ಹಕ್ಕಿ ಚಿಲಿಪಿಲಿ ಕೇಳುತ್ತದೆ. ಹಕ್ಕಿಯಲ್ಲ, ಜೊತೆಗೆ ನುಡಿಸಿದ ಡ್ವೇನ್ ಆಲ್‌ಮನ್‌ನ ಗಿಟಾರ್!

● ಈಗ ಎಲ್ಲಕ್ಕಿಂತ ದೊಡ್ಡದು. ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’, 1967. 40 ವಾದ್ಯಗಾರರಿಗೆ ಕೊಟ್ಟ ಅಪ್ಪಣೆ ಇಷ್ಟೇ: ನಿಮ್ಮ ವಾದ್ಯದ ತೀರ ಕೆಳಗಿನ ಸ್ವರದಿಂದ ತೀರ ಮೇಲಿನದಕ್ಕೆ ಏರಿ! ಎಲ್ಲರಿಗೂ ಗಂಭೀರ ಕೋಟು. ಕೆಲವರ ಮೂಗಿಗೆ ಮಾತ್ರ ಜೋಕರ್ ಮೂಗು! ಪಿಟೀಲಿನ ಹಿರಿಯನ ಕೈಗೆ ಗೊರಿಲ್ಲಾ ಪಂಜ!

● ಆ ಹಾಡಿನ ಕೊನೆಯ ಏಟನ್ನು ಮೂರು ಪಿಯಾನೊಗಳ ಮೇಲೆ ಒಮ್ಮೆಗೇ ಹೊಡೆದರು. ಜೊತೆಗೆ ಯಾವ ವಾದ್ಯ ಗೊತ್ತೇ? ಹಾರ್ಮೋನಿಯಂ! ಹೌದು, ನಮ್ಮ ಭಜನೆಯ ಪೇಟಿಯ ಬಳಗದ್ದೇ. ನುಡಿಸಿದ್ದು ನಿರ್ಮಾಪಕ ಜಾರ್ಜ್ ಮಾರ್ಟಿನ್.

● ಆ ಒಂದು ಏಟು ಆರಲು 40 ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ನಾದ ಸಣ್ಣಗಾದಂತೆ ತಂತ್ರಜ್ಞರು ಮೈಕಿನ ಬಲ ಏರಿಸುತ್ತ ಹೋದರು. ಏರಿಸಿ ಏರಿಸಿ ಏನಾಯಿತು? ಯಾರೋ ಮಿಸುಕಿದ ಕುರ್ಚಿಯ ಕಿರುಗುಟ್ಟೂ ದಾಖಲಾಯಿತು! ಕಿವಿಗೊಟ್ಟರೆ ಇಂದಿಗೂ ಕೇಳುತ್ತದೆ.

● ಮುಗಿಯಿತು ಅಂದುಕೊಂಡಿರಾ? ಇನ್ನೂ ಇದೆ! ಆ ನಾದ ಆರಿದ ಮೇಲೆ ಬ್ರಿಟನ್ನಿನ ಧ್ವನಿಮುದ್ರಿಕೆಯ ತಟ್ಟೆಯಲ್ಲಿ ತೀರ ತಾರಸ್ಥಾಯಿಯ ಒಂದು ಸಿಳ್ಳೆ ಸೇರಿಸಿದ್ದರು. ಸೆಕೆಂಡಿಗೆ ಸುಮಾರು 15,000 ಕಂಪನ! ವಯಸ್ಸಾದಂತೆ ಮನುಷ್ಯನ ಕಿವಿ ಇಂಥ ದನಿಯನ್ನು ಕಳೆದುಕೊಳ್ಳುತ್ತದೆ. ಮೊಮ್ಮಗಳಿಗೆ ಕೇಳೀತು, ಅಜ್ಜನಿಗೆ ಇಲ್ಲ. ಅಂಗಳದಲ್ಲಿ ಮಲಗಿದ ನಾಯಿ ಮಾತ್ರ ಕಿವಿ ನಿಮಿರಿಸಿ ಎದ್ದು ಕೂತೀತು. ಆ ಸಿಳ್ಳೆ ಇಟ್ಟದ್ದೇ ನಾಯಿಗಾಗಿ!