ಲೀಟರ್‌ಗೆ ಎಷ್ಟು ಕೊಡುತ್ತೆ?

ಹಸು ಕೊಳ್ಳಲು ಹೋದವರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಕೊಡುತ್ತೆ?’ ಹೊತ್ತಿಗೆ ಐದು ಲೀಟರ್ ಎನ್ನುತ್ತಾನೆ ಮಾರುವವ. ಕೊಳ್ಳುವವ ನಂಬುವುದಿಲ್ಲ, ನಾಲ್ಕು ಕೊಟ್ಟೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಬೈಕಿನ ಅಂಗಡಿಯಲ್ಲೂ ನಾವು ಕೇಳುವುದು ಇದನ್ನೇ. ಪೆಟ್ರೋಲ್ ಕುಡಿಯುವುದು ಗಾಡಿ, ಆದರೂ ನಮ್ಮ ಮಾತಿನಲ್ಲಿ ಅದು ‘ಕೊಡುತ್ತದೆ’. ಕಾರು ಕೊಳ್ಳುವುದು ಸುಲಭ, ‘ಸಾಕೋದು’ ಕಷ್ಟ ಎಂದೂ ಹೇಳುತ್ತೇವೆ. ಕೊಟ್ಟಿಗೆಯ ಈ ಭಾಷೆ ಶೋರೂಮಿಗೆ ಸುಮ್ಮನೆ ಬಂದದ್ದಲ್ಲ. ನಮ್ಮ ರಸ್ತೆಗಳಲ್ಲಿ ಇಂದು ಯಾವ ಗಾಡಿ ಓಡುತ್ತಿದೆ, ಯಾವುದು ಗುಜರಿ ಸೇರಿತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಇದೊಂದು ಪ್ರಶ್ನೆ.

1973ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಜತೆ ಯುದ್ಧ ನಡೆಯುತ್ತಿದ್ದಾಗ, ಇಸ್ರೇಲನ್ನು ಬೆಂಬಲಿಸಿದ ದೇಶಗಳಿಗೆ ತೈಲ ಮಾರುವುದನ್ನು ಅರಬ್ ರಾಷ್ಟ್ರಗಳು ನಿಲ್ಲಿಸಿದವು. ಬ್ಯಾರೆಲ್‌ಗೆ ಸುಮಾರು ಮೂರು ಡಾಲರ್ ಇದ್ದ ಕಚ್ಚಾ ತೈಲ ಮರುವರ್ಷದ ಆರಂಭಕ್ಕೆ ಹನ್ನೊಂದು ಡಾಲರ್ ದಾಟಿತು. ಎಂಟು ಸಿಲಿಂಡರಿನ ದೈತ್ಯ ಕಾರುಗಳಿಗೆ ಒಗ್ಗಿಹೋಗಿದ್ದ ಅಮೆರಿಕದ ಜನ ಜಪಾನಿನ ಪುಟ್ಟ ಕಾರುಗಳ ಕಡೆ ತಿರುಗಿದರು. ನಮ್ಮಲ್ಲಿ ಪೆಟ್ರೋಲ್ ಬೆಲೆ ಏರಿಸಿದ್ದನ್ನು ವಿರೋಧಿಸಿ ಆ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆದರೆ ಭಾರತದ ಮಧ್ಯಮ ವರ್ಗಕ್ಕೆ ಆಗ ಗಾಡಿಯನ್ನು ಆರಿಸಿಕೊಳ್ಳುವ ಭಾಗ್ಯವೇ ಇರಲಿಲ್ಲ. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ್ದೇ ಗಾಡಿ, ಅದು ಕೊಟ್ಟಷ್ಟೇ ಮೈಲೇಜು.

ಅದೇ 1973ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ‘ಯೆಜ್ಡಿ’ ಹೆಸರಿನ ಬೈಕುಗಳು ಹೊರಬರತೊಡಗಿದವು. ಐಡಿಯಲ್ ಜಾವಾ ಸಂಸ್ಥೆಯ ಈ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಅಂದಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. ಜೆಕ್ ನಾಡಿನ ಜಾವಾ ಬೈಕನ್ನು ಮೈಸೂರಿನ ಕೆಲಸಗಾರರು ತಮ್ಮದೇ ಮಾಡಿಕೊಂಡಿದ್ದರು. ಒಂದೇ ಕಡ್ಡಿ ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುತ್ತಿತ್ತು. ಎರಡು ಸೈಲೆನ್ಸರುಗಳ ಆ ಸದ್ದು ಕೇಳಿಯೇ ಬಂದವರು ಯಾರೆಂದು ಬೀದಿಯವರು ಹೇಳುತ್ತಿದ್ದರು. ಕಬ್ಬಿಣದಂಥ ಗಟ್ಟಿ ಗಾಡಿ. ಮೂರು ಜನ ಕೂತು, ಹಿಂದೆ ಮೂಟೆ ಕಟ್ಟಿದರೂ ಏರು ಹತ್ತುತ್ತಿತ್ತು. ಆದರೆ ಲೀಟರ್‌ಗೆ ಮೂವತ್ತು ಕೊಟ್ಟರೆ ಹೆಚ್ಚು, ಜತೆಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಖರ್ಚು ಬೇರೆ.

ಹೀಗೆ ಕುಡಿಯುವುದು ಯೆಜ್ಡಿಯ ತಪ್ಪಲ್ಲ, ಟೂ ಸ್ಟ್ರೋಕ್ ಇಂಜಿನ್ನಿನ ಹುಟ್ಟುಗುಣ. ಅದರಲ್ಲಿ ಸುಟ್ಟ ಹೊಗೆ ಹೊರಹೋಗುವ ಕಿಂಡಿ ಮತ್ತು ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ಕಿಂಡಿ ಎರಡೂ ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಒಳಬಂದ ಮಿಶ್ರಣದ ಒಂದು ಪಾಲು ಸುಡದೆಯೇ ಹೊಗೆಯ ಜತೆ ಹೊರಗೆ ಹೋಗುತ್ತದೆ. ಬಂಕಿನಲ್ಲಿ ಕಾಸು ಕೊಟ್ಟು ತಂದ ಪೆಟ್ರೋಲು ಸೈಲೆನ್ಸರಿನಿಂದ ಗಾಳಿಗೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ವಾಲ್ವುಗಳು ಕಾವಲು ನಿಲ್ಲುವುದರಿಂದ ಈ ಸೋರಿಕೆ ಬಹಳ ಕಡಿಮೆ.

ತೈಲದ ಪೆಟ್ಟು ತಿಂದ ಜಗತ್ತಿಗೆ ಸಣ್ಣ ಗಾಡಿ ಮಾರಿ ಬೆಳೆದಿದ್ದ ಜಪಾನಿನ ಕಂಪನಿಗಳು ಎಂಬತ್ತರ ದಶಕದಲ್ಲಿ ಭಾರತಕ್ಕೆ ಬಂದವು. ಸುಜುಕಿ, ಯಮಹಾ, ಕವಾಸಕಿ ಮೂವರೂ ತಂದದ್ದು 100 ಸಿಸಿಯ ಟೂ ಸ್ಟ್ರೋಕ್ ಬೈಕು. ಹೋಂಡಾ ಮಾತ್ರ ಹೀರೊ ಜತೆ ಸೇರಿ 1985ರಲ್ಲಿ ಸಿಡಿ 100 ಎಂಬ ಫೋರ್ ಸ್ಟ್ರೋಕ್ ಗಾಡಿಯನ್ನು ಇಳಿಸಿತು. ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’ ಎಂಬುದು ಅದರ ಜಾಹೀರಾತು. ಟ್ಯಾಂಕ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಲೀಟರ್‌ಗೆ 80 ಕಿಲೋಮೀಟರ್ ಎಂದು ಕಂಪನಿ ಹೇಳಿತು. ರಸ್ತೆಯಲ್ಲಿ ಅಷ್ಟು ಬಾರದಿದ್ದರೂ ಯೆಜ್ಡಿಯ ದುಪ್ಪಟ್ಟು ಬರುತ್ತಿತ್ತು. ಕಾಲೇಜು ಹುಡುಗರು ಯಮಹಾ ಆರ್‌ಎಕ್ಸ್ 100ರ ಓಟಕ್ಕೆ ಮರುಳಾದರು. ಆದರೆ ಸಂಬಳದ ದಿನ ಎಣಿಸುವ ಮೇಷ್ಟ್ರು, ಎಲ್‌ಐಸಿ ಏಜೆಂಟರು, ಹಾಲಿನ ಡೇರಿಯ ಕಾರ್ಯದರ್ಶಿಗಳು ಹೀರೊ ಹೋಂಡಾ ಕಡೆ ನಡೆದರು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ ಇಂಜಿನ್ನಿನ ವಂಶದ್ದು. ಮೂವತ್ತು ವರ್ಷ ದಾಟಿದರೂ ಅದು ಇನ್ನೂ ಊರೂರಲ್ಲಿ ಮಾರಾಟವಾಗುತ್ತಿದೆ.

ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಾರ್ಮಿಕ ವಿವಾದಗಳಿದ್ದವು, ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದವು, ಸಾಲದ ಹೊರೆಯಿತ್ತು. ಇವೆಲ್ಲ ನಿಜ. ಆದರೂ ಕಂತಿನಲ್ಲಿ ಬೈಕ್ ಕೊಳ್ಳುವ ಗೃಹಸ್ಥ ಅದಾಗಲೇ ಯೆಜ್ಡಿಯನ್ನು ಬಿಟ್ಟಿದ್ದ, ಬಿಟ್ಟದ್ದು ಮೈಲೇಜಿಗಾಗಿ ಎಂಬುದು ನನ್ನ ನಂಬಿಕೆ. ನಮ್ಮ ನಾಡಿನಲ್ಲೇ ತಯಾರಾಗುತ್ತಿದ್ದ, ಅಷ್ಟೊಂದು ಪ್ರೀತಿ ಗಳಿಸಿದ್ದ ಗಾಡಿ ಹೀಗೆ ಹೋಯಿತಲ್ಲ ಎಂಬ ನೋವು ಮೈಸೂರಿಗರಲ್ಲಿ ಇಂದಿಗೂ ಇದೆ. ಪ್ರೀತಿಯಿಂದ ಟ್ಯಾಂಕ್ ತುಂಬುವುದಿಲ್ಲ.

ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಲೂನಾ ಇತ್ತು. 1980ರಿಂದ ಹೊಸೂರಿನಲ್ಲಿ ತಯಾರಾದ ಟಿವಿಎಸ್ 50 ಇತ್ತು. ಅದಕ್ಕೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸೊಪ್ಪಿನ ಮೂಟೆ ಹೇರಿದವರು ಕಂಪನಿಯ ಲೆಕ್ಕ ಕೇಳಲಿಲ್ಲ. ರಿಸರ್ವ್‌ಗೆ ಬಿದ್ದ ಮೇಲೂ ಗಾಡಿಯನ್ನು ವಾಲಿಸಿ ಉಳಿದ ಹನಿಯನ್ನು ಕಾರ್ಬ್ಯುರೇಟರಿಗೆ ಇಳಿಸಿದರು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದರು, ಸೀಮೆಎಣ್ಣೆಯನ್ನೂ ಬೆರೆಸಿದರು. ಮಾರುತಿ ಓಮ್ನಿಗೆ ಅಡುಗೆಮನೆಯ ಸಿಲಿಂಡರ್ ಕದ್ದು ಜೋಡಿಸಿ, ಹಿಂದಿನ ಸೀಟಿನಲ್ಲಿ ಶಾಲಾ ಮಕ್ಕಳನ್ನು ಕೂರಿಸಿದ ದಿನಗಳನ್ನೂ ನಮ್ಮ ಪಟ್ಟಣಗಳು ಕಂಡಿವೆ. ಬೆಲೆ ಏರಿದಾಗ ಬಡವರು ಗಾಡಿ ಬದಲಿಸುವುದಿಲ್ಲ, ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಕಾರಿನ ಕಥೆ ಬೇರೆ. ಅಲ್ಲಿ ಆಟ ಆಡಿಸಿದ್ದು ಪೆಟ್ರೋಲಿಗೂ ಡೀಸೆಲ್ಲಿಗೂ ನಡುವಿನ ಅಂತರ. ಲಾರಿ, ಬಸ್ಸು, ಟ್ರ್ಯಾಕ್ಟರು, ಪಂಪ್‌ಸೆಟ್ಟು ಓಡುವುದು ಡೀಸೆಲ್ಲಿನಲ್ಲಿ. ಅದರ ಬೆಲೆ ಏರಿದರೆ ಅಕ್ಕಿ, ತರಕಾರಿಯ ಬೆಲೆಯೂ ಏರುತ್ತದೆ ಎಂದು ಸರ್ಕಾರಗಳು ಅದನ್ನು ತಗ್ಗಿಸಿಯೇ ಇಟ್ಟವು. ಆ ತಗ್ಗನ್ನು ಕಾರು ಕಂಪನಿಗಳು ಬೇಗ ಗುರುತಿಸಿದವು. 1998ರ ಕೊನೆಗೆ ಟಾಟಾ ಇಂಡಿಕಾ ಬಂತು. 2000ದಲ್ಲಿ ಬಿಡದಿಯಿಂದ ಟೊಯೊಟಾ ಕ್ವಾಲಿಸ್ ಹೊರಟು, ರಾತ್ರಿಯೆಲ್ಲ ಬೆಂಗಳೂರಿನ ಕಾಲ್ ಸೆಂಟರ್ ನೌಕರರನ್ನು ಹೊತ್ತು ತಿರುಗಿತು.

ಅಂತರ ಕಂದಕವಾದದ್ದು 2010ರ ಜೂನ್‌ನಲ್ಲಿ. ಪೆಟ್ರೋಲ್ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್ಲಿನದನ್ನು ಬಿಡಲಿಲ್ಲ. 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿದಾಗ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ 73.18 ರೂಪಾಯಿ, ಡೀಸೆಲ್‌ಗೆ 40.91 ರೂಪಾಯಿ. ಊಟದ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಬಂತು. ಡೀಸೆಲ್ ಕಾರಿಗೆ ಒಂದು ಲಕ್ಷ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರು ಲೀಟರ್‌ಗೆ 15, ಡೀಸೆಲ್ ಕಾರು 20 ಕೊಟ್ಟರೆ, ಅಂದಿನ ಬೆಲೆಯಲ್ಲಿ ಕಿಲೋಮೀಟರಿಗೆ 2.80 ರೂಪಾಯಿಗೂ ತುಸು ಹೆಚ್ಚು ಉಳಿತಾಯ. 35 ಸಾವಿರ ಕಿಲೋಮೀಟರ್ ಓಡಿಸಿದರೆ ಆ ಒಂದು ಲಕ್ಷ ವಾಪಸ್. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಮೂರು ವರ್ಷದ ಮಾತು. ಸ್ವಿಫ್ಟ್ ಡೀಸೆಲ್‌ಗೆ ತಿಂಗಳುಗಟ್ಟಲೆ ಸರದಿ ಬೆಳೆಯಿತು. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ತಾ ಎಂದು ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಫಿಯೆಟ್‌ನ ಅದೇ 1.3 ಲೀಟರ್ ಡೀಸೆಲ್ ಇಂಜಿನ್ ಗುಡುಗಿತು. ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ ಗಾಡಿಗಳು.

ಇದನ್ನು ಅನ್ಯಾಯ ಎಂದೇ ಕರೆಯುತ್ತೇನೆ. ರೈತನ ಹೆಸರಿನಲ್ಲಿ ಅಗ್ಗವಾಗಿದ್ದ ಇಂಧನವನ್ನು ಹತ್ತು ಹದಿನೈದು ಲಕ್ಷದ ಕಾರಿನವರು ಸುಟ್ಟರು. ಸ್ಪ್ಲೆಂಡರ್ ಓಡಿಸುವವ ಕಟ್ಟುತ್ತಿದ್ದದ್ದು ಪೆಟ್ರೋಲಿನ ಪೂರ್ತಿ ಬೆಲೆ.

2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯ ಲೆಕ್ಕದಲ್ಲಿ ಏರಿಸುತ್ತ ಹೋಗಿ, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಡಲಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದು, ಹೊಗೆ ಶುದ್ಧಗೊಳಿಸುವ ಉಪಕರಣಗಳಿಂದ ಡೀಸೆಲ್ ಕಾರು ಇನ್ನಷ್ಟು ದುಬಾರಿಯಾಯಿತು. ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಆ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ಮೀರಿ, ಎರಡೂ 80 ರೂಪಾಯಿಯ ಅಂಚಿನಲ್ಲಿದ್ದವು. ಅದೇ ಹಳೆಯ ಲೆಕ್ಕ ಹಾಕಿದರೆ ಆ ಒಂದು ಲಕ್ಷ ಮರಳಲು 75 ಸಾವಿರ ಕಿಲೋಮೀಟರ್ ಬೇಕು. ಜನ ಡೀಸೆಲ್ ಬಿಟ್ಟದ್ದರಲ್ಲಿ ಗಾಳಿಯ ಚಿಂತೆಗಿಂತ ಈ ಲೆಕ್ಕದ ಪಾಲೇ ದೊಡ್ಡದು.

2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. ಈ ನಗರ ವಿದ್ಯುತ್ ಗಾಡಿಯನ್ನು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಕಂಡಿತ್ತು. ಚೇತನ್ ಮೈನಿ ಅವರ ರೇವಾ ಕಾರು ಇಲ್ಲಿಯೇ 2001ರಲ್ಲಿ ಹುಟ್ಟಿ, ಮುಂದೆ ಲಂಡನ್ನಿನ ಬೀದಿಗಳಲ್ಲೂ ಓಡಿತು. ಆಗಿನ ಪೆಟ್ರೋಲ್ ಬೆಲೆ ಯಾರನ್ನೂ ಅದರತ್ತ ದೂಡುವಷ್ಟಿರಲಿಲ್ಲ, ಅದರ ಸೀಸದ ಬ್ಯಾಟರಿ ಭಾರ, ಓಟ ಕಡಿಮೆ. 2018ರಲ್ಲಿ ಬೆಂಗಳೂರಿನದೇ ಏಥರ್ ಕಂಪನಿಯ ಸ್ಕೂಟರ್ ಬರುವ ಹೊತ್ತಿಗೆ ಲಿಥಿಯಂ ಬ್ಯಾಟರಿ ಸಿದ್ಧವಿತ್ತು, ಸರ್ಕಾರದ ಸಬ್ಸಿಡಿಯೂ ಬೆನ್ನಿಗಿತ್ತು. ನೂರು ರೂಪಾಯಿಯ ಪೆಟ್ರೋಲ್ ಉಳಿದದ್ದನ್ನು ಮಾಡಿತು. ವಿದ್ಯುತ್ತಿಗೆ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಇಂಥ ಸ್ಕೂಟರಿಗೆ ಕಿಲೋಮೀಟರಿಗೆ ಮೂವತ್ತು ಪೈಸೆಯ ಆಸುಪಾಸು. ಪೆಟ್ರೋಲ್ ಸ್ಕೂಟರಿಗೆ ಎರಡು ರೂಪಾಯಿಗೂ ಹೆಚ್ಚು.

ಇದೇ ನೂರು ರೂಪಾಯಿಯ ಕಾಲದಲ್ಲಿ ಕಾರುಗಳು ಮಾತ್ರ ದೊಡ್ಡವಾದವು. ಇಂದು ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಯಂಥ ಎತ್ತರದ ಗಾಡಿಗಳು. ಪೆಟ್ರೋಲ್ ಬೆಲೆ ಎಲ್ಲರನ್ನೂ ಒಂದೇ ಬಗೆಯಲ್ಲಿ ತಟ್ಟುವುದಿಲ್ಲ. ಇಪ್ಪತ್ತು ಲಕ್ಷದ ಕಾರಿನವರಿಗೆ ಅದು ಬೇಸರದ ಮಾತು, ದಿನವಿಡೀ ಊಟ ತಲುಪಿಸುವ ಹುಡುಗನಿಗೆ ಅಂದಿನ ಕೂಲಿಯ ದೊಡ್ಡ ತುಂಡು.

ಆ ಹುಡುಗನಿಗೆ ವಿದ್ಯುತ್ ಸ್ಕೂಟರೇ ಲಾಭ. ಆದರೆ ಅವನಿರುವುದು ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ, ಗಾಡಿ ನಿಲ್ಲಿಸುವುದು ರಸ್ತೆ ಬದಿಯಲ್ಲಿ. ಸಬ್ಸಿಡಿ ಎಷ್ಟೇ ಕೊಟ್ಟರೂ ಅವನಿಗೆ ಚಾರ್ಜ್ ಮಾಡಲು ಜಾಗವಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆ ಮಾಲೀಕರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಕಟ್ಟಡದ ನೆಲಮಹಡಿಯಲ್ಲಿ ಬಾಡಿಗೆದಾರರಿಗೊಂದು ಪ್ಲಗ್ ಪಾಯಿಂಟ್ ಹಾಕಿಸಿ, ಜತೆಗೊಂದು ಸಬ್‌ಮೀಟರ್ ಇಡಿ, ಉರಿದಷ್ಟು ವಿದ್ಯುತ್ತಿನ ಹಣವನ್ನು ಅವರಿಂದಲೇ ಪಡೆಯಿರಿ.